ಬೆನ್ನು ನೋಡದೆ ಹೆಸರಿಟ್ಟ ಹೂವು

ಅಂಗಿ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಅತ್ತೆ ಮಾಡಿದ್ದು ಒಂದೇ ಕೆಲಸ, ತಪ್ಪು ಹುಡುಕುವುದು. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಕವುಚಿ ಹಾಕಿ ಮೊದಲು ಒಳಮೈ ನೋಡಬೇಕು, ಮುಖ ಆಮೇಲೆ. ನಿವೃತ್ತಿಯಾಗಿ ಮನೆಗೆ ಬಂದ ಮೇಲೂ ಕಣ್ಣಿಗೆ ಕೆಲಸ ತಪ್ಪಲಿಲ್ಲ. ಮನೆಯಲ್ಲಿ ತಮ್ಮ ಇದ್ದ, ತಮ್ಮನ ಮಗ ಇದ್ದ.

ಈ ತಮ್ಮನ ಮಗ, ಅಂದರೆ ಅಳಿಯ, ಪಾರ್ಸೆಲ್ ಗೋದಾಮಿನ ನೌಕರ. ಪೆಟ್ಟಿಗೆ ಬರುತ್ತದೆ, ಮುಖದ ಮೇಲಿನ ಚೀಟಿಗೆ ಯಂತ್ರ ಹಿಡಿದರೆ ‘ಟಿಕ್’ ಅನ್ನುತ್ತದೆ, ಪೆಟ್ಟಿಗೆ ಹೋಗುತ್ತದೆ. ಒಳಗೇನಿದೆ, ಹಿಂದೇನಿದೆ ಎಂದು ಯೋಚಿಸುವವರಿಗೆ ಅಲ್ಲಿ ಸಂಬಳವಿಲ್ಲ. ಐದು ವರ್ಷದಲ್ಲಿ ಅವನ ತಲೆಯೂ ‘ಟಿಕ್’ ಅನ್ನುವುದನ್ನು ಕಲಿತಿತ್ತು. ಅದಕ್ಕಿಂತ ಹೆಚ್ಚಿಗೆ ಏನೂ ಅನ್ನುತ್ತಿರಲಿಲ್ಲ.

ಆ ವರ್ಷ ಹಿತ್ತಲ ನಲ್ಲಿಯ ಪಕ್ಕ, ಚಪ್ಪಡಿಗಳ ಸಂದಿನಲ್ಲಿ, ಏಳು ವಯಲೆಟ್ ಗಿಡಗಳು ತಾವಾಗಿಯೇ ಹುಟ್ಟಿದವು. ಕುಂಡದಲ್ಲಿದ್ದ ಹಳೆಯ ವಯಲೆಟ್‌ಗೆ ಹೃದಯದಂಥ ಎಲೆ, ಕಡುನೇರಳೆ ಹೂವು. ಇವಕ್ಕೆ ಎಲೆ ಉದ್ದ, ಹೂವು ಬಿಳಿ, ಬಿಳಿಯ ಮೇಲೆ ಶಾಯಿ ಪೆನ್ನು ಕೊಡವಿದ ಹಾಗೆ ನೇರಳೆ ಚುಕ್ಕೆ. ಹೂವಿನ ಬೆನ್ನಿಗಿರುವ ಸಣ್ಣ ಬಾಲ ಹಳೆಯದರ ಎರಡರಷ್ಟು. ಅತ್ತೆ ಅಳತೆಪಟ್ಟಿ ತಂದು ಅಳೆದಿದ್ದಳು. ಒಂದನ್ನು ಕಿತ್ತು ಕುಂಡಕ್ಕೆ ಹಾಕಿದ್ದಳು ಕೂಡ. ಮೂರೇ ದಿನಕ್ಕೆ ಒಣಗಿತು. ಉಳಿದದ್ದು ಆರು.

ಸೋಮವಾರ ಅಳಿಯನ ಅಪ್ಪ ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸುವವನಿದ್ದ.

“ಕೆಸರು ತುಳಿದು ತುಳಿದು ಸಾಕಾಗಿದೆ ಅಕ್ಕ. ತಿಳಿದೋರು ಯಾರಾದ್ರೂ ಇದು ಬೇರೆ ಜಾತಿ ಅಂದ್ರೆ ಆ ಮೂಲೆ ಬಿಡ್ತೀನಿ. ಇಲ್ಲಾಂದ್ರೆ ಕಳೆ ಕಳೇನೇ.”

ಸಸ್ಯೋದ್ಯಾನದ ಕಚೇರಿಗೆ ಫೋಟೋ ಕಳಿಸುವ ಹೊಣೆ ಅಳಿಯನ ಮೇಲೆ ಬಿತ್ತು. ಕಳಿಸಿದ. ಶುಕ್ರವಾರ ಉತ್ತರ ಬಂತು: ‘ಸಾಮಾನ್ಯ ವಯಲೆಟ್. ಬಣ್ಣ ಮಾಸಿದೆ. ಕಿತ್ತುಹಾಕಬಹುದು.’

ಅತ್ತೆ ಕನ್ನಡಕ ತೆಗೆದು ಒರೆಸತೊಡಗಿದಳು. ಅವಳಿಗೆ ಸಿಟ್ಟು ಬಂದ ಗುರುತು ಅದು.

“ಎಲ್ಲಿ, ನೀನು ಕಳ್ಸಿದ್ದು ತೋರ್ಸು. ಚುಕ್ಕೆ ಎಲ್ಲೋ?”

“ಸ್ವಲ್ಪ ಕ್ಲೀನ್ ಮಾಡ್ದೆ ಅತ್ತೆ.”

“ಮೊಡವೆ ಅಳ್ಸೋಕೆ ಇದೇನು ನಿನ್ನ ಮುಖಾನಾ? ಬೆನ್ನಿನ ಫೋಟೋ?”

“ಹೂವಿನ ಬೆನ್ನು ಯಾರು ತೆಗೀತಾರೆ?”

“ನೀನು ದಡ್ಡ, ಸರಿ. ನಮ್ಮನೆಯವನು, ಸಹಿಸ್ಕೋತೀನಿ. ಆ ಮಹಾನುಭಾವ ಬೆನ್ನು ಕೇಳ್ಲಿಲ್ವಲ್ಲ! ಎಲೆ ಕೇಳ್ಲಿಲ್ವಲ್ಲ! ನಾನು ಹೀಗೆ ಒಂದೇ ಒಂದು ಅಂಗಿ ಪಾಸ್ ಮಾಡಿದ್ರೆ ಅವತ್ತೇ ಗೇಟ್ ದಾಟಿಸ್ತಿದ್ರು. ನಾಳೆ ಅರ್ಧ ದಿನ ರಜೆ ಹಾಕು.”

ಮರುದಿನ ಒಂದು ಹೂವು, ಒಂದು ಎಲೆ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಅಳಿಯನ ಊಟದ ಡಬ್ಬಿಯಲ್ಲಿ ಹೊರಟವು. ಅತ್ತೆ ವಿಷಯ ಹೇಳಿದರೂ ಕಚೇರಿಯ ಕಿಟಕಿಯಾಚೆ ಕೂತಿದ್ದ ಅಧಿಕಾರಿ ತಲೆ ಎತ್ತಲಿಲ್ಲ.

“ಅದಕ್ಕೆ ಉತ್ತರ ಕೊಟ್ಟಾಗಿದೆಯಲ್ಲಮ್ಮ.”

“ಕೊಟ್ಟಿದ್ದೀರಿ. ಈಗ ತಿರುಗಿಸಿ ನೋಡಿ.”

ಆತ ಚಿಮಟದಲ್ಲಿ ಹೂವನ್ನು ತಿರುಗಿಸಿದ. ಭೂತಗನ್ನಡಿ ತೆಗೆದ. ಒಳಗೆ ಹೋಗಿ ದಪ್ಪ ಪುಸ್ತಕ ತಂದ, ಆಮೇಲೆ ಇನ್ನೂ ದಪ್ಪದ್ದು.

“ಎಲೆ ಒಂದು ಜಾತೀದು, ಹೂವು ಇನ್ನೊಂದರದ್ದು. ಬೆರಕೆ ಇರಬಹುದು. ಬೀಜ ಕಟ್ಟುತ್ತಾ ಅಂತ ಒಂದು ಬೇಸಿಗೆ ಕಾದು ನೋಡ್ಬೇಕು.”

“ಹೆಸರು?”

“ಈಗಲೇ ಹೇಳಕ್ಕಾಗಲ್ಲ.”

“ಅಂದ್ರೆ ಗೊತ್ತಿಲ್ಲ. ಹಾಗಂತ ಬರ್ಕೊಡಿ.”

“ಹಾಗೆಲ್ಲ ಬರೆಯೋ ಪದ್ಧತಿ ಇಲ್ಲಮ್ಮ.”

“ನೋಡದೇನೇ ಕಿತ್ತುಹಾಕಿ ಅಂತ ಬರೆಯೋ ಪದ್ಧತಿ ಇದೆಯಾ?”

ಹಿಂದೆ ಸಾಲು ಬೆಳೆದಿತ್ತು. ನೆಲ ಬಾಯಿಬಿಟ್ಟರೆ ಸಾಕು ಎಂದು ಅಳಿಯ ಕಾಯುತ್ತಿದ್ದ. ನೆಲಕ್ಕೆ ಪುರುಸೊತ್ತಿರಲಿಲ್ಲ. ಕೊನೆಗೆ ಅಧಿಕಾರಿ ಬರೆದ: ‘ಸಾಮಾನ್ಯ ವಯಲೆಟ್ ಅಲ್ಲ. ಯಾವುದೆಂದು ಗೊತ್ತಿಲ್ಲ.’ ಸಹಿ ಹಾಕಿದ. ಅತ್ತೆ ಕದಲಲಿಲ್ಲ. ಮೊಹರನ್ನೂ ಒತ್ತಿದ.

ಮನೆಗೆ ಬಂದರೆ ಹಿತ್ತಲಲ್ಲಿ ಗಾರೆ ಮೇಸ್ತ್ರಿ! ಸೋಮವಾರ ಬರಬೇಕಾದವನಿಗೆ ಇವತ್ತೇ ಬಿಡುವಿತ್ತಂತೆ. ಮುಕ್ಕಾಲು ಹಿತ್ತಲು ಆಗಲೇ ಹಸಿ ಸಿಮೆಂಟ್. ಅತ್ತೆ ಗೋಡೆ ಬದಿಯಿಂದ ಹೋಗಿ, ಆರು ಗಿಡಗಳನ್ನು ಬೆನ್ನ ಹಿಂದೆ ಬಿಟ್ಟುಕೊಂಡು, ನಲ್ಲಿಯ ಪಕ್ಕದ ಚಪ್ಪಡಿ ಮೇಲೆ ಕೂತುಬಿಟ್ಟಳು. ಕಾಗದ ಚಾಚಿದಳು.

ಅಪ್ಪ ಓದಿದ. “ಗೊತ್ತಿಲ್ಲ ಅಂತ ಬರ್ದಿದಾನೆ. ಇದಕ್ಕೋಸ್ಕರ ಹೋಗಿದ್ಯಾ?”

“ಗೊತ್ತಿರೋ ಕಳೆ ಕೀಳು, ಬೇಡ ಅನ್ನಲ್ಲ. ಗೊತ್ತಿಲ್ಲದ್ದನ್ನ ಯಾವ ಬಾಯಲ್ಲಿ ಕಳೆ ಅಂತೀಯೋ? ಸೋಮವಾರ ಅಂತ ಮಾತು ಕೊಟ್ಟಿದ್ದು ಯಾರು?”

ಅಪ್ಪ ಕಾಗದವನ್ನು ಇನ್ನೊಮ್ಮೆ ಓದಿದ. ಮೇಸ್ತ್ರಿ ಕರಣೆ ಹಿಡಿದು ನಿಂತಿದ್ದ. “ಅಮ್ಮ, ಕಲಸಿದ್ದು ಗಟ್ಟಿಯಾಗ್ತಿದೆ.”

“ಆಗ್ಲಿ. ನಾನೂ ಗಟ್ಟೀನೇ.”

ಅಳಿಯನ ತಲೆಯಲ್ಲಿ ಆಗ ‘ಟಿಕ್’ ಅಲ್ಲದ ಏನೋ ಒಂದು ಸದ್ದಾಯಿತು. ಗೋಡೆಯ ಬುಡದಲ್ಲಿದ್ದ ಇಟ್ಟಿಗೆಗಳನ್ನು ಎತ್ತಿಕೊಂಡು, ಕೆಲಸದ ಬೂಟಿನಲ್ಲೇ ಹಸಿ ಸಿಮೆಂಟ್ ದಾಟಿ, ಅತ್ತೆಯ ಸುತ್ತ ಅಂಚು ಕಟ್ಟಿದ. ವೀರಾವೇಶವೇನಲ್ಲ, ಗೋಡೆ ಬದಿಯ ದಾರಿ ಅವನಿಗೆ ಹೊಳೆದಿರಲಿಲ್ಲ, ಅಷ್ಟೇ. “ಹೋಗ್ಲಿ, ಸುತ್ತ ಹಾಕಪ್ಪ,” ಎಂದ ಅಪ್ಪ, ಮೇಸ್ತ್ರಿಗೆ. ಮೂಲೆ ಉಳಿಯಿತು, ಸರಿಯಾಗಿ ಅತ್ತೆ ಕೂತಷ್ಟು. ಬೂಟಿನ ಹನ್ನೊಂದು ಹೆಜ್ಜೆಗಳೂ ಉಳಿದವು.

ಮುಂದಿನ ವಾರ ಅವನ ಫೋನಿಗೆ ಕಚೇರಿಯಿಂದ ಸಂದೇಶ ಬಂತು: ‘ನಿಮ್ಮ ಪ್ರಶ್ನೆ ಇತ್ಯರ್ಥವಾಗಿದೆ. ಗುರುತು: ಸಾಮಾನ್ಯ ವಯಲೆಟ್.’

ಅವನು ಓದಿ ಹೇಳಿದ. ಅತ್ತೆ ಕನ್ನಡಕ ತೆಗೆದಳು. ಅವಳು ಒರೆಸಿ ಮುಗಿಸುವಷ್ಟರಲ್ಲಿ ಅವನು ನಲ್ಲಿಯ ಬಳಿ ಬೋರಲಾಗಿ ಮಲಗಿ, ಹೂವಿನ ಬೆನ್ನಿಗೆ ಫೋನ್ ಹಿಡಿದಿದ್ದ.