ಬೇಲಿಯ ಎಲೆ ಮತ್ತು ಅಣ್ಣನ ಹಿಮ್ಮಡಿ

ಸಂಶೋಧನಾಲಯದ ಹಿಂದಿನ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಅವಳದು ಒಂದೇ ಕೆಲಸ. ಎಲೆ ತೊಳೆದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ ಸತ್ವ ಇಳಿಸಿಕೊಡುವುದು. ಅದನ್ನು ಅಲ್ಲಿನ ವಿಜ್ಞಾನಿ ಮೇಡಂ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಚರ್ಮದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುತ್ತಿದ್ದರು.

ಒಂದು ದಿನ ಮೇಡಂ ಅವಳನ್ನೇ ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ನಿನ್ನೆ ಒತ್ತೊತ್ತಾಗಿದ್ದ ಕೋಶಗಳು ಮುದುಡಿ ಚೂರುಚೂರಾಗಿದ್ದವು.

"ನಿಮ್ಮ ಎಲೆ ಪ್ರತಾಪ ನೋಡಿ. ಸಾಯೋದನ್ನೇ ಮರೆತಿದ್ದ ಕೋಶಗಳಿಗೆ ನೆನಪು ಮಾಡ್ಕೊಟ್ಟಿದೆ."

ಅವತ್ತು ಮನೆಯಲ್ಲಿ ಅಣ್ಣನ ಮುಂದೆ ಅವಳು ಹೇಳಿದ್ದೇ ಹೇಳಿದ್ದು. ಅಣ್ಣ ಮನೆಗಳಿಗೆ ಬಣ್ಣ ಬಳಿಯುವವನು. "ಹಾಗಾದ್ರೆ ನಮ್ಮನೇಲೂ ಒಬ್ಬಳು ಡಾಕ್ಟ್ರು ಅನ್ನು!" ಎಂದು ನಕ್ಕ. ಯಾವ ಎಲೆ ಅಂತ ಮಾತ್ರ ಎರಡು ಸಲ ಕೇಳಿದ. ಬೇಲಿಯಲ್ಲೆಲ್ಲ ಬೆಳೆಯುವಂಥದ್ದು. ಅವಳು ಹೇಳಿಬಿಟ್ಟಳು.

ನಾಲ್ಕು ತಿಂಗಳ ಮೇಲೆ ಬಟ್ಟೆ ಒಗೆಯುವಾಗ ಅವನ ಕಾಲುಚೀಲದ ಹಿಮ್ಮಡಿಯಲ್ಲಿ ಹಸಿರು ಕಲೆ ಕಂಡಳು, ಜೊತೆಗೆ ರಕ್ತ. ಚೀಲವನ್ನು ಹಾಗೇ ಹಿಡಿದುಕೊಂಡು ಒಳಗೆ ಬಂದಳು.

"ಅಣ್ಣಾ, ಕಾಲು ತೋರಿಸು."

"ಏನಿಲ್ಲ ಬಿಡೇ. ಕಪ್ಪು ಮಚ್ಚೆ ಒಂದು ದೊಡ್ಡದಾಗ್ತಿತ್ತು. ನಿನ್ನ ಎಲೇನೇ ಅರೆದು ಕಟ್ತಿದೀನಿ."

ಆಸ್ಪತ್ರೆಯಲ್ಲಿ ಹಿಮ್ಮಡಿಯ ಮಚ್ಚೆ ಕೊಯ್ದು ತೆಗೆದರು. ಅಷ್ಟರಲ್ಲಿ ಕ್ಯಾನ್ಸರ್ ತೊಡೆಸಂದಿಗೆ ಹಬ್ಬಿಯಾಗಿತ್ತು.

"ತಟ್ಟೇಲಿ ಸತ್ತಿದ್ದು ಮೈಯಲ್ಲಿ ಯಾಕೆ ಸಾಯಲಿಲ್ಲ, ಮೇಡಂ?" ಎಂದು ಅವಳು ಅತ್ತಳು.

ಮೇಡಂ ಕುರ್ಚಿ ಎಳೆದು ಅವಳ ಪಕ್ಕ ಕೂತರು. "ತಟ್ಟೇಲಿ ಸತ್ವ ನೇರ ಕೋಶಕ್ಕೇ ತಾಗುತ್ತೆ. ಕಟ್ಟಿದ ಎಲೆ ಚರ್ಮದ ಮೇಲೇ ಉಳಿಯುತ್ತೆ, ರೋಗ ಒಳಗಿಳಿದಿರುತ್ತೆ. ಎಷ್ಟು ಕೊಟ್ರೆ ಕೆಟ್ಟದ್ದು ಸಾಯುತ್ತೆ, ಎಷ್ಟಾದ್ರೆ ಒಳ್ಳೇದೂ ಸಾಯುತ್ತೆ ಅಂತ ನಮಗೇ ಇನ್ನೂ ಗೊತ್ತಿಲ್ಲ. ಇದನ್ನ ಅವತ್ತೇ ಹೇಳ್ಬೇಕಿತ್ತು ನಾನು."

ಅಣ್ಣ ಆಮೇಲೆ ಹದಿನಾಲ್ಕು ತಿಂಗಳು ಬದುಕಿದ. ಕೊನೆಯ ವಾರ ಅವಳ ಕೈ ಹಿಡಿದು, "ಕೊರಗ್ಬೇಡ. ಡಾಕ್ಟ್ರ ಕತ್ತರಿ ಅಂದ್ರೆ ನಂಗೆ ಭಯ. ಎಲೆ ಇಲ್ದಿದ್ರೆ ಇನ್ನೇನೋ ಕಟ್ಕೋತಿದ್ದೆ," ಅಂದ. ನಂಬಲು ನೋಡಿದಳು. ಪೂರ್ತಿ ಆಗಲಿಲ್ಲ.

ಕೆಲಸ ಬಿಡಲಿಲ್ಲ. ಒಂದು ವರ್ಷದ ಮೇಲೆ ಪಕ್ಕದ ಮನೆಯಾಕೆ ಬೆನ್ನಿನ ಮಚ್ಚೆಗೆ, ಹಿಂದೆ ಅಣ್ಣ ಹೊಗಳಿದ್ದ ಎಲೆ ಕೇಳಿಕೊಂಡು ಬಂದಳು.

"ಎಲೆ ಕೊಡಲ್ಲ ಅಕ್ಕಾ. ಚಪ್ಪಲಿ ಮೆಟ್ಕೊಳ್ಳಿ, ಆಸ್ಪತ್ರೆಗೆ ಹೋಗೋಣ."

ರಜೆ ಹಾಕಿ ಅರ್ಧ ದಿನ ಆಕೆಯ ಜೊತೆ ಸಾಲಿನಲ್ಲಿ ನಿಂತಳು. ಮಚ್ಚೆ ಸಾಮಾನ್ಯದ್ದು, ಹೆದರಬೇಕಿಲ್ಲ ಎಂದರು ಡಾಕ್ಟರು. "ಸುಮ್ಮನೆ ಅರ್ಧ ದಿನ ಹಾಳಾಯ್ತು," ಎಂದು ಪಕ್ಕದ ಮನೆಯಾಕೆ ದಾರಿಯುದ್ದಕ್ಕೂ ಗೊಣಗಿದಳು. ಅವಳು ಒಂದು ಹೆಜ್ಜೆ ಹಿಂದೆ ಉಳಿದು, ಸೆರಗಿನಿಂದ ಕಣ್ಣೊರೆಸಿಕೊಂಡಳು.