ಮೇನ್ ಸ್ವಿಚ್ಚಿನ ಪಕ್ಕ ನಿಂತವನು

ಪ್ರೊಜೆಕ್ಟರಿನ ಬಲ್ಬು ಸುಡಬಹುದಿತ್ತು. ಮಧುಗಿರಿಯಿಂದ ಬಾಡಿಗೆಗೆ ತಂದದ್ದು; ಅಂಗಡಿಯವನು 'ಹೊಸದು ಸಾರ್' ಎಂದು ಎರಡೆರಡು ಸಲ ಹೇಳಿದ್ದ, ಅದಕ್ಕೇ ನನಗೆ ಅನುಮಾನ. ಮೋಡ ಕವಿದು ಡಿಶ್ಶಿನ ಸಿಗ್ನಲ್ ಹೋಗಬಹುದಿತ್ತು. ಕೋತಿಗಳು ಡಿಶ್ಶನ್ನೇ ತಿರುಗಿಸಿ ಅದರೊಳಗೆ ಕೂರಬಹುದಿತ್ತು. ಪರದೆಯೆಂದು ಕಟ್ಟಿದ್ದ ಪಂಚೆ ಜಾರಬಹುದಿತ್ತು. ಶಾಲಾ ಸಮಿತಿಯ ಅಧ್ಯಕ್ಷರು ಭಾಷಣ ನಿಲ್ಲಿಸದೇ ಹೋಗಬಹುದಿತ್ತು. ಮೇಲೆ — ಅಷ್ಟು ಲಕ್ಷ ಕಿಲೋಮೀಟರ್ ಆಚೆ, ಚಂದ್ರನಲ್ಲಿ — ನೌಕೆಯ ಇಂಜಿನ್ ಕೈಕೊಡಬಹುದಿತ್ತು, ಕಾಲು ಮುರಿಯಬಹುದಿತ್ತು, ಬಂಡೆಯ ಮೇಲೆ ಕೂತು ಮಗುಚಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕರೆಂಟ್ ಹೋಗಬಹುದಿತ್ತು.

ಇವೇನೂ ಆಗಲಿಲ್ಲ. ಕರೆಂಟೂ ಹೋಗಲಿಲ್ಲ. ಅದನ್ನು ನಾನು ತೆಗೆದೆ.

ಕೊಳಾಲದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಹುಟ್ಟಿದ್ದು ಪಾವಗಡದ ಸೀಮೆಯಲ್ಲಿ — ಮೋಡ ಕಂಡರೆ ಖುಷಿಪಡುವ ಮೊದಲು, ಇದು ಯಾರ ಊರಿಗೆ ಹೊರಟಿದೆಯೋ ಎಂದು ಸಂಶಯಪಡುವ ಜನ ನಾವು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸು ಬಂದು ನೋಡುವವನು ನಾನು. ನೋಡಿದ ಮೇಲೆ, ನೋಡುವಾಗ ಎಲ್ಲಿ ಕೈ ತಾಗಿ ಆನ್ ಆಯಿತೋ ಎಂದು ಮತ್ತೆ ಬರುವವನು. ಹೆಂಡತಿ ಈಗ ಬಾಗಿಲಲ್ಲೇ ನಿಂತು, "ಆಫ್ ಆಗಿದೆ, ಹೋಗಿ" ಎನ್ನುತ್ತಾಳೆ. ಅವಳು ಅಷ್ಟು ಬೇಗ ಹೇಗೆ ನೋಡಿದಳು ಎಂದು ಅದಕ್ಕೂ ಅನುಮಾನ.

ಚಂದ್ರನ ಮೇಲೆ ನಮ್ಮ ನೌಕೆ ಇಳಿಯುವ ಸಂಜೆ ಇಡೀ ಊರಿಗೆ ಶಾಲೆಯ ಹಾಲಿನಲ್ಲಿ ನೇರಪ್ರಸಾರ ತೋರಿಸೋಣ ಎಂದವನೂ ನಾನೇ. ಹಿಂದಿನ ಸಲದ ನೌಕೆ ಇನ್ನೇನು ಇಳಿಯಿತು ಎನ್ನುವಾಗ ಮೌನವಾಯಿತಲ್ಲ — ಮರುದಿನ ತರಗತಿಯಲ್ಲಿ ಮಕ್ಕಳು ಕೇಳಿದ್ದರು, "ಸಾರ್, ಈಗ ಅದೆಲ್ಲೈತೆ?" ನಾನು ಬೋರ್ಡಿನ ಕಡೆ ತಿರುಗಿ ಇಲ್ಲದ ಸೀಮೆಸುಣ್ಣ ಹುಡುಕಿದ್ದೆ. ಈ ಸಲ ಹಾಗಾಗಬಾರದೆಂದು — ಆದರೆ ಹಾಗಾಗದಂತೆ ನೋಡಿಕೊಳ್ಳುವುದು ನನ್ನ ಕೈಯಲ್ಲಿತ್ತೇ?

ನನ್ನ ಕೈಯಲ್ಲಿದ್ದದ್ದು ಕರೆಂಟು ಮಾತ್ರ. ಅಂದರೆ, ಈರಣ್ಣ. ಈರಣ್ಣ ನಮ್ಮ ಭಾಗದ ಲೈನ್‌ಮನ್. ಶಾಲೆ ಊರಿನಿಂದಾಚೆ ಗುಡ್ಡದ ಬುಡದಲ್ಲಿದೆ, ಅದಕ್ಕೆ ಟೀಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಬೇರೆಯೇ ಲೈನು, ಶಾಲೆಯ ಗೇಟಿನ ಕಂಬದಲ್ಲಿ ಒಂದು ಹಳೇ ಜಾಯಿಂಟು. ಬೆಳಗಿನಿಂದ ಮೂರು ಸಲ ಫೋನ್ ಮಾಡಿ ಕಾಡಿದ್ದಕ್ಕೆ ಮಧ್ಯಾಹ್ನ ಬಂದು ಕಂಬ ಹತ್ತಿ, ಹಳೆಯದನ್ನು ಕಿತ್ತು ಹೊಸದಾಗಿ ಬಿಗಿದ. ಇಳಿದು ಬಂದು, "ಇನ್ ಚಂದ್ರ ಬೇಕಾರೆ ಕೆಳಗ್ ಬೀಳ್ಲಿ, ಈ ಜಾಯಿಂಟ್ ಅಳ್ಳಾಡಲ್ಲ ಕಣ್ ಮೇಷ್ಟ್ರೇ" ಎಂದ. ಸಂಜೆ ಮನೆಗೆ ಹೋಗಿ ಸ್ನಾನ ಮಾಡಿ, ಬಿಳೀ ಅಂಗಿ ಹಾಕಿಕೊಂಡು ಹೆಂಡತಿ ಗಂಗಮ್ಮನ ಜೊತೆ ಬಂದ. ಗಂಗಮ್ಮ ಒಂದು ಕುಕ್ಕೆ ತುಂಬ ಬೇಯಿಸಿದ ಕಡಲೆಕಾಯಿ ತಂದಿದ್ದಳು, ಎಲ್ಲರಿಗೂ ಹಂಚಲು. ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದೆ.

ನಾನು ಮಾತ್ರ ಹಿಂದೆ, ಕಿಟಕಿಗೆ ಕಟ್ಟಿದ ಜಮಖಾನದ ಮರೆಯಲ್ಲಿ, ಮೇನ್ ಸ್ವಿಚ್ಚಿನ ಪಕ್ಕ ನಿಂತೆ. ಎಲ್ಲಾದರೂ ಕಿಡಿ ಹಾರಿದರೆ ತಕ್ಷಣ ಆಫ್ ಮಾಡಬೇಕಲ್ಲ — ನನ್ನ ಲೆಕ್ಕಾಚಾರವೇ ಹಾಗೆ.

ನೌಕೆ ಇಳಿಯುತ್ತ ಬಂತು. ಪರದೆಯ ಮೇಲಿನ ಅಂಕಿಗಳು ಇಳಿದವು. ಹಾಲಿನಲ್ಲಿ ಕಡಲೆಕಾಯಿ ಸಿಪ್ಪೆಯ ಸದ್ದೂ ನಿಂತಿತು. ಆಮೇಲೆ — ಅದು ನಿಂತಂತಾಯಿತು. ಇಳಿಯುತ್ತಿದ್ದದ್ದು ಇಳಿಯುತ್ತಿಲ್ಲ. ನೆಲದ ಮೇಲೆ ಸ್ವಲ್ಪವೇ ಎತ್ತರದಲ್ಲಿ, ಅಲ್ಲೇ. ನನ್ನ ಎದೆಯೊಳಗೆ ಹಿಂದಿನ ಸಲದ ಮೌನ ಬಂದು ಕೂತಿತು. ಹೋಯಿತು, ಇದೂ ಹೋಯಿತು, ಈಗ ಈ ಮಕ್ಕಳೆಲ್ಲ ತಿರುಗಿ ನನ್ನ ಮುಖ ನೋಡುತ್ತಾರೆ —

ಸ್ವಿಚ್ಚಿನ ಹಿಡಿಯನ್ನು ಕೆಳಗೆ ಎಳೆದುಬಿಟ್ಟೆ.

ಅಲ್ಲಿ ನೌಕೆ ನಿಲ್ಲಬೇಕಾದದ್ದೇ. ಕೆಳಗೆ ಬಂಡೆ ಇದೆಯೋ ಹಳ್ಳ ಇದೆಯೋ ನೋಡಿ, ಜಾಗ ಆರಿಸಿಕೊಂಡು, ಆಮೇಲೆ ಇಳಿಯುವಂತೆ ಅದನ್ನು ಮಾಡಿದ್ದರು. ಇದು ಯಾರೋ ಆಮೇಲೆ ನನಗೆ ಹೇಳಿದ್ದಲ್ಲ. ಅದರ ಹಿಂದಿನ ದಿನ ಬೋರ್ಡಿನ ಮೇಲೆ ಚಿತ್ರ ಬರೆದು, "ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೆ, ಯಾರೂ ಹೆದರಬೇಡಿ" ಎಂದು ಮಕ್ಕಳಿಗೆ ಪಾಠ ಮಾಡಿದ್ದು ನಾನು. ಮಕ್ಕಳು ಹೆದರಿರಲಿಲ್ಲ.

ಹಾಲು ಪೂರ್ತಿ ಕತ್ತಲಾಯಿತು. ಎಲ್ಲರೂ ಹೋ ಎಂದರು. "ಏನ್ಲಾ ಈರ, ಚಂದ್ರಂಗೂ ಲೋಡ್ ಶೆಡ್ಡಿಂಗಾ?" "ಊರಾಗೆಲ್ಲಾ ಐತೆ, ಇಲ್ಲೊಂದೇ ಇಲ್ಲ. ಇವ್ನು ಮದ್ಯಾನ ಕಟ್ಟಿದ್ದೇ ಬುಟ್ಕಂಡೈತೆ." ಅಧ್ಯಕ್ಷರಂತೂ, "ಬೇಕಂತ್ಲೇ ಮಾಡವ್ನೆ. ಪಂಪ್‌ಸೆಟ್ ವಿಷ್ಯಕ್ಕೆ ಮೊನ್ನೆ ನಾನ್ ಬೈದಿದ್ನಲ್ಲ" ಎಂದರು. ನಾನು ಒಂದು ಮಾತೂ ಆಡಬೇಕಾಗಲಿಲ್ಲ. ಅನುಮಾನ ನನ್ನೊಬ್ಬನ ಆಸ್ತಿ ಎಂದುಕೊಂಡಿದ್ದೆ.

ಆದರೆ ಈರಣ್ಣ ನನ್ನ ಹತ್ತಿರ ಬಂದ. ಕರೆಂಟ್ ಹೋಯಿತೆಂದರೆ ಕಂಬಕ್ಕೆ ಮೊದಲು ಮೇನ್ ನೋಡುವುದು ಅವನ ಕೆಲಸದ ಕ್ರಮ.

"ಮೇನ್ ನೋಡಿದ್ರಾ ಮೇಷ್ಟ್ರೇ?"

"ನೋಡಿದೆ ಈರಣ್ಣ. ಸರಿಯಾಗಿದೆ."

ಅವನು ಜಮಖಾನ ಸರಿಸಲಿಲ್ಲ. ಟಾರ್ಚ್ ಬಿಡಲಿಲ್ಲ. ಟೀಸಿಗೆ ಓಡಿ, ಲೈನಿನಲ್ಲಿ ಕರೆಂಟ್ ಇರದಂತೆ ಫ್ಯೂಸ್ ಕಿತ್ತು, ವಾಪಸು ಓಡಿಬಂದು, ಆ ಬಿಳೀ ಅಂಗಿಯಲ್ಲೇ ಕಂಬ ಹತ್ತಿದ. ಕೆಳಗಿನಿಂದ ಗಂಗಮ್ಮನೇ ಎಲ್ಲರ ಮುಂದೆ, "ಒಸಿ ಬಿಗಿಯಾಗಿ ಕಟ್ಟಕ್ಕೇನಾಗಿತ್ತು ನಿಂಗೆ?" ಎಂದು ಕೂಗಿದಳು. ಇನ್ಯಾರೋ, "ಇನ್ನೊಸಿ ಮ್ಯಾಕೋಗಣ್ಣೋ, ಅಲ್ಲಿಂದ್ಲೇ ಕಾಣ್ತದೆ!" ಅವನು ಮೇಲಿದ್ದಾಗಲೇ, ಸಿಗ್ನಲ್ಲಿಗೆಂದು ನೀರಿನ ಟ್ಯಾಂಕ್ ಹತ್ತಿದ್ದ ಒಬ್ಬ ಫೋನ್ ಹಿಡಿದು ಕಿರುಚಿದ — "ಇಳೀತಂತೆ! ಇಳೀತಂತೆ!" ಜನ ಕುಣಿದರು, ಪಟಾಕಿ ಹೊಡೆದರು. ಕಣ್ಣಾರೆ ನೋಡಬೇಕಾದದ್ದನ್ನು 'ಅಂತೆ' ಎಂದು ಕೇಳಿ ಕುಣಿದರು. ಆ ಗದ್ದಲದಲ್ಲಿ ನಾನು ಒಳಗೆ ಹೋಗಿ ಹಿಡಿಯನ್ನು ಮೇಲೆ ತಳ್ಳಿದೆ.

ಈರಣ್ಣ ಜಾಯಿಂಟನ್ನು ಬಿಚ್ಚಿ ಮತ್ತೆ ಬಿಗಿದು ಇಳಿದು, ಟೀಸಿಗೆ ಹೋಗಿ ಫ್ಯೂಸ್ ಹಾಕಿದ. ದೀಪ ಬಂತು.

ಬರಬಾರದಿತ್ತು. ಬಂದದ್ದರಿಂದ ಅವನು ನಂಬಿದ — ತಪ್ಪು ತನ್ನದೇ ಎಂದು. ಮಸಿಯಾದ ಅಂಗಿಯಲ್ಲಿ ನನ್ನ ಮುಂದೆ ನಿಂತು, "ನಂದೇ ತಪ್ಪು ಮೇಷ್ಟ್ರೇ. ಬಿಗಿಯಾಗೇ ಇತ್ತು ಅನ್ಕಂಡೆ. ಎಂಗ್ ಬುಟ್ಕಂತೋ" ಎಂದ. ನಾನು "ಇರಲಿ ಬಿಡು" ಎಂದೆ. ಕ್ಷಮಿಸಿದೆ! ಎಂಥ ದೊಡ್ಡ ಮನುಷ್ಯ ನಾನು.

ಅಂದಿನಿಂದ ಅವನು ಊರಿಗೆ 'ಗ್ರಾಣದ ಈರಣ್ಣ'. ಚಂದ್ರನಿಗೆ ಗ್ರಹಣ ಹಿಡಿಸಿದವನು. ಟೀ ಅಂಗಡಿಯಲ್ಲಿ ಹಾಗೆ ಕರೆದಾಗ ಅವನೂ ನಗುತ್ತಾನೆ. ನಾನು ಆ ನಗುವನ್ನು ಈ ವರ್ಷಗಳಲ್ಲೆಲ್ಲ ಪರೀಕ್ಷಿಸಿದ್ದೇನೆ — ಇವನಿಗೆ ಗೊತ್ತಿದೆಯೇ? ಗಂಗಮ್ಮ ಮನೆಗೆ ಕಡಲೆಕಾಯಿ ಕಳಿಸಿದರೆ, ಯಾಕೆ ಕಳಿಸಿದಳು? ಅವನು ನಮಸ್ಕಾರ ಎಂದರೆ, ಆ ಧ್ವನಿಯಲ್ಲಿ ಏನೋ ಇತ್ತಲ್ಲ? ಶಾಲೆಯ ಬಲ್ಬು ಮಿಣುಕಿದರೂ, ಇದು ನನಗೆ ಸೂಚನೆ ಎಂದು ಬೆವರಿದ್ದೇನೆ. ಆಕಾಶದಲ್ಲಿ ನಮ್ಮ ಎರಡು ನೌಕೆಗಳು ಒಂದನ್ನೊಂದು ಹುಡುಕಿ ಕೂಡಿಕೊಂಡವು. ನಮ್ಮವನೊಬ್ಬ ಬಾಹ್ಯಾಕಾಶ ನಿಲ್ದಾಣದಲ್ಲಿದ್ದು ಕ್ಷೇಮವಾಗಿ ಮರಳಿದ. ಎರಡೂ ಸಲ 'ಹಾಲಿಗೆ ಸುಣ್ಣ ಬಳಿಸಬೇಕು', 'ಪರೀಕ್ಷೆ ಇದೆ' ಎಂದು ನೆಪ ಹೇಳಿ ಪ್ರಸಾರ ತಪ್ಪಿಸಿದೆ.

ಈಗ ಮನುಷ್ಯರನ್ನು ಕಳಿಸುವ ಮೊದಲು ಯಾರೂ ಇಲ್ಲದ ನೌಕೆಯೊಂದನ್ನು ಹಾರಿಸಿ ನೋಡುತ್ತಾರಂತೆ. ಅದರೊಳಗೆ ಹೆಣ್ಣಿನ ರೂಪದ ಒಂದು ಯಂತ್ರ ಕೂರುತ್ತದಂತೆ. ಮಕ್ಕಳು ಹಟ ಹಿಡಿದಿದ್ದಾರೆ, ತೋರಿಸಲೇಬೇಕು. ಹೋದ ವಾರ ಹಾಲಿನ ವೈರಿಂಗ್ ನೋಡಲು ಈರಣ್ಣ ಬಂದಿದ್ದ. ಗೇಟಿನ ಕಂಬ ಹತ್ತಿ ಅದೊಂದೇ ಜಾಯಿಂಟನ್ನು ಬಿಗಿದ, ಇಳಿದ, ಮತ್ತೆ ಹತ್ತಿ ಮುಟ್ಟಿ ನೋಡಿದ. ಮತ್ತೆ ಇಳಿದ, ಮತ್ತೆ ಹತ್ತಿದ. ಹಾಗೆ ಹತ್ತಿ ಇಳಿಯುವುದು ನನಗೆ ಗೊತ್ತು — ಅದು ನನ್ನ ರೋಗ. ಅವನಿಗೆ ಅದು ಇರಲಿಲ್ಲ.

ಇಳಿದು ಏದುಸಿರು ಬಿಡುತ್ತ ಹೇಳಿದ: "ಲೈನ್ ಕೆಲ್ಸ ಸಾಕು ಅಂತ ಬರ್ಕೊಡ್ತೀನಿ ಮೇಷ್ಟ್ರೇ. ಕೈ ಮ್ಯಾಲೆ ನಂಬ್ಕೆ ಹೋದೋನು ಕಂಬ ಹತ್ಬಾರ್ದು. ಇದೊಂದ್ ಪ್ರೋಗ್ರಾಮ್ ಮುಗೀಲಿ." ಅಂಗೈ ಒರೆಸಿಕೊಂಡು, "ಈ ಸಲನೂ ಮೇನ್ ಹತ್ರ ನೀವೇ ನಿಂತ್ಕಳಿ. ನೀವಿದ್ರೆ ನಂಗೆ ಧೈರ್ಯ."

ಆ ಮಾತನ್ನು ನಾಲ್ಕು ದಿಕ್ಕಿನಿಂದಲೂ ತಿರುಗಿಸಿ ನೋಡಿದೆ. ಒಳಗೇನಾದರೂ ಮುಳ್ಳಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಈ ಸಲದ ಪ್ರಸಾರದ ದಿನ ಹಾಲಿನಲ್ಲಿ ಪರದೆ ಬೆಳಗುವ ಮೊದಲು, ನಾನು ಬರೆದ ಇದನ್ನು ಎಲ್ಲರ ಮುಂದೆ ಓದುತ್ತೇನೆ, ಗಂಗಮ್ಮನ ಮುಂದೆಯೂ. ಅದಕ್ಕೂ ಮುಂಚೆ, ನಾಳೆ ಬೆಳಿಗ್ಗೆ, ಈರಣ್ಣನ ಮನೆ ಬಾಗಿಲಿಗೆ ಹೋಗಿ ಅವನಿಗೊಬ್ಬನಿಗೇ ಹೇಳುತ್ತೇನೆ. ದಾರಿಯಲ್ಲಿ ಗ್ಯಾಸ್ ನೆನಪಾದರೂ ವಾಪಸು ಬರುವುದಿಲ್ಲ.

ಈರಣ್ಣ, ನೀನು ಬಿಗಿದದ್ದು ಬಿಗಿಯಾಗೇ ಇತ್ತು. ಬಲ್ಬು ಉರಿಯುತ್ತಿತ್ತು, ಡಿಶ್ಶು ಸರಿಯಿತ್ತು, ಪಂಚೆ ಜಾರಲಿಲ್ಲ, ಕೋತಿ ಬರಲಿಲ್ಲ, ಮೇಲೆ ಆ ನೌಕೆ ನಿಂತು, ನೋಡಿ, ಮೆಲ್ಲಗೆ ಇಳಿಯಿತು. ಆ ಸಂಜೆ ಕೆಟ್ಟದ್ದು ಒಂದೇ — ನೀನು 'ಮೇನ್ ನೋಡಿದ್ರಾ' ಎಂದು ಕೇಳಿದೆ, ನಾನು 'ಸರಿಯಾಗಿದೆ' ಎಂದೆ.