ಪ್ರತೀಕ್ಷಾಳ ಗ್ರಾಫಿಕ್ಸ್ ಕಾರ್ಡ್

ಪ್ರತೀಕ್ಷಾ, ನಿನ್ನ ಗ್ರಾಫಿಕ್ಸ್ ಕಾರ್ಡನ್ನು ಸುಟ್ಟದ್ದು ನಾನು. ನೀನಲ್ಲ — ನೀನು ರಾತ್ರಿಯಿಡೀ ಓಡಲು ಬಿಟ್ಟಿದ್ದ ರೆಂಡರ್ ಕೂಡ ಅಲ್ಲ. ಇಷ್ಟು ವರ್ಷ ಈ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಈಗ ಭಾನುವಾರ ಅತ್ತಾವರದ ನಿಮ್ಮ ಮನೆಯಲ್ಲಿ ಹಿರಿಯರು ನಮ್ಮಿಬ್ಬರ ಮದುವೆಯ ಮಾತಿಗೆ ಕೂರುತ್ತಾರಂತೆ. ನೀನೂ ಒಪ್ಪಿದ್ದೀ.

ಆಗ ನಾನು ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಶನಿವಾರ ಬಂತೆಂದರೆ ಸೋದರಮಾವನ ಮನೆ, ಅತ್ತೆಯ ಕೋರಿರೊಟ್ಟಿ, ಮತ್ತೆ ನಿನ್ನ ಕಂಪ್ಯೂಟರ್. ಅದರಲ್ಲಿ ನೀನು ದೋಣಿಗಳು ಮೀನು ಇಳಿಸುವ ಧಕ್ಕೆಯ ಬೆಕ್ಕೊಂದು ಬೂತಾಯಿ ಮೀನು ಕದಿಯುವ ಪುಟ್ಟ ಅನಿಮೇಷನ್ ಮಾಡುತ್ತಿದ್ದೆ. ಅದರ ಒಂದೊಂದು ಚಿತ್ರವನ್ನೂ ಗ್ರಾಫಿಕ್ಸ್ ಕಾರ್ಡ್ ಗಂಟೆಗಟ್ಟಲೆ ರೆಂಡರ್ ಮಾಡಿ ಮೂಡಿಸಬೇಕಿತ್ತು. ಅದನ್ನು ಮುಗಿಸಿ ಕಳಿಸಿದರೆ ಅನಿಮೇಷನ್ ಕೋರ್ಸಿಗೆ ಸೀಟು ಸಿಗುವುದಿತ್ತು. ನನ್ನ ತಲೆಯಲ್ಲಿ ಬೇರೆಯೇ ಹುಳ. ಹಾಸ್ಟೆಲಿನ ಹುಡುಗರು ಕಾರ್ಡನ್ನು ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟ ಮಿತಿಗಿಂತ ಜೋರಾಗಿ ಓಡಿಸಿ, ಭಾರೀ ಗೇಮ್‌ಗಳಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಬಂತೆಂದು ಕೊಚ್ಚಿಕೊಳ್ಳುತ್ತಿದ್ದರು. ನನ್ನ ಹತ್ತಿರ ಕಾರ್ಡೇ ಇರಲಿಲ್ಲ.

ಆ ಮಧ್ಯಾಹ್ನ ನೀನು ಟ್ಯೂಷನ್‌ಗೆ ಹೋಗಿದ್ದೆ. ಅತ್ತೆ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಕಾರ್ಡಿನ ವೇಗ ಏರಿಸಿದೆ, ವೋಲ್ಟೇಜನ್ನೂ ಏರಿಸಿದೆ. ಅದರ ಫ್ಯಾನ್ ಬೊಬ್ಬೆ ಹಾಕತೊಡಗಿತು — ಹೇಳಲು ನಾಚಿಕೆ — ಅತ್ತೆಯ ನಿದ್ದೆ ಕೆಡಬಾರದೆಂದು ಫ್ಯಾನನ್ನೇ ತಗ್ಗಿಸಿದೆ. ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ! ಗೇಮಿನೊಳಗೆ ಮಳೆಯಲ್ಲಿ ನೆನೆದ ನಗರ, ಎಲ್ಲೆಲ್ಲೂ ದೀಪ. ಮೂಲೆಯಲ್ಲಿ ಫ್ರೇಮ್ ಸಂಖ್ಯೆ ಏರುತ್ತಲೇ ಇತ್ತು. ಆಗ ಪರದೆಯ ಮೇಲೆ ಹಸಿರು ಚುಕ್ಕೆಗಳು ಕಾಣಿಸಿದವು. ಕೂಡಲೇ ನಿಲ್ಲಿಸಬೇಕೆಂದು ನನಗೆ ಗೊತ್ತಿತ್ತು. ಹುಡುಗರಿಗೆ ತೋರಿಸಲು ಒಂದು ಸ್ಕ್ರೀನ್‌ಶಾಟ್ ಆಗಲಿ, ಆಮೇಲೆ... ಪರದೆ ಕಪ್ಪಾಯಿತು. ಸುಟ್ಟ ವಾಸನೆ ಬಂತು.

ಮಾನಿಟರಿನ ಕೇಬಲನ್ನು ಕಾರ್ಡಿನಿಂದ ತೆಗೆದು ಕಂಪ್ಯೂಟರಿನ ಇನ್ನೊಂದು ಕಿಂಡಿಗೆ ಸಿಕ್ಕಿಸಿ, ಪರದೆ ಬಂದ ಮೇಲೆ ಗೇಮನ್ನೂ ಓವರ್‌ಕ್ಲಾಕ್ ಮಾಡುವ ಸಾಫ್ಟ್‌ವೇರನ್ನೂ ಅಳಿಸಿ, ಕೇಬಲನ್ನು ಮತ್ತೆ ಕಾರ್ಡಿಗೇ ಸಿಕ್ಕಿಸಿಟ್ಟೆ. ಕಿಟಕಿ ತೆರೆದು, ದೇವರ ಕೋಣೆಯ ಊದುಬತ್ತಿ ತಂದು ಹಚ್ಚಿದೆ. ಎದ್ದು ಬಂದ ಅತ್ತೆ, "ಎಂತ ಮಾರಾಯ, ಇವತ್ತು ಭಾರೀ ಭಕ್ತಿ ಉಂಟಲ್ಲ?" ಎಂದು ನಕ್ಕರು. ನಾನೂ ನಕ್ಕೆ.

ಸಂಜೆ ನೀನು ಮತ್ತೆ ಮತ್ತೆ ಸ್ವಿಚ್ ಒತ್ತುತ್ತಿದ್ದಾಗ ನಾನು ಹೇಳಿದ ಮಾತು ನಿನಗೆ ನೆನಪಿರಬೇಕು: "ರಾತ್ರಿಯಿಡೀ ರೆಂಡರ್ ಹಾಕಿ ಇಟ್ಟದ್ದಲ್ವಾ ನೀನು? ಅದಕ್ಕೇ ಸುಟ್ಟದ್ದು."

ಮಾವ ನಿನಗೆ ಬೈಯತೊಡಗಿದಾಗ ನಾನೇ ಅಡ್ಡ ಬಂದೆ — "ಹೋಗ್ಲಿ ಮಾವ, ಅವಳಿಗೆ ಗೊತ್ತಿರಲಿಲ್ಲ." ಮಾವ ಬೈಯುವುದನ್ನು ನಿಲ್ಲಿಸಿದರು. "ಅಳಿಯ ಹೇಳಿದ ಮೇಲೆ ಮುಗೀತು," ಎಂದರು. ನಮ್ಮಲ್ಲಿ ಸೋದರಳಿಯನ ಮಾತಿನ ಮೇಲೆ ಯಾರು ಎರಡನೇ ಪ್ರಶ್ನೆ ಕೇಳುತ್ತಾರೆ? ಸುಟ್ಟ ಕಾರ್ಡನ್ನು ಯಾವ ಅಂಗಡಿಗೂ ತೋರಿಸಲಿಲ್ಲ. ಹೊಸದು ತರೋಣ ಎಂದು ಮಾವ ಹೇಳಿದಾಗಲೂ ನೀನು ಒಪ್ಪಲಿಲ್ಲ. "ಬೇಡ ಪಪ್ಪ, ನನ್ನ ಕೈಗುಣವೇ ಸರಿ ಇಲ್ಲ."

ನಿನ್ನ ಬೆಕ್ಕು ಬೂತಾಯಿ ಕಚ್ಚಿಕೊಂಡು ನೆಗೆದಲ್ಲೇ ನಿಂತಿತು. ನೀನು ಫಳ್ನೀರಿನಲ್ಲಿ ಮಾವನ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂತೆ, ಈಗಲೂ ಅಲ್ಲೇ ಇದ್ದೀ. ಹೊಸ ಫೋನ್ ಕೊಂಡರೂ ನನ್ನ ಕೈಗೇ ಕೊಡುತ್ತೀ — "ಬಾವ, ನೀವೇ ಸೆಟ್ ಮಾಡಿ ಕೊಡಿ. ನಾನು ಮುಟ್ಟಿದ್ರೆ ಎಂತಾದ್ರೂ ಆಗ್ತದೆ."

ಮೊನ್ನೆ ನಾನು ಹೋಟೆಲಿಗೆ ಚಹಾ ಕುಡಿಯಲು ಬಂದಾಗ ನೀನು ಮೆಲ್ಲನೆ ಹೇಳಿದೆ: "ಅವತ್ತು ನೀವೊಬ್ಬರೇ ನನ್ನ ಪರ ಇದ್ದದ್ದು ಬಾವ. ಅದಕ್ಕೇ ನಾನು ಒಪ್ಪಿದ್ದು." ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಹೇಳಿದರೆ ನೀನಿಲ್ಲ. ಹೇಳದಿದ್ದರೆ — ನಾಳೆ ನಮ್ಮ ಮನೆಯ ಮಿಕ್ಸಿ ಕೆಟ್ಟರೂ ನೀನು ನಿನ್ನ ಕೈಯನ್ನೇ ನೋಡಿಕೊಳ್ಳುತ್ತೀ, ನಾನು ಪಕ್ಕದಲ್ಲಿ ಒಳ್ಳೆಯವನಾಗಿ ನಿಂತಿರುತ್ತೇನೆ. ಜೀವನಪೂರ್ತಿ.

ಹೆದರಿದ್ದೆ ಎನ್ನಬಹುದು. ಆದರೆ ಹೆದರಿಕೆ ಒಂದು ಸಂಜೆಯದು, ಆಮೇಲಿನ ವರ್ಷಗಳೆಲ್ಲ ಬರೀ ನನ್ನ ಅನುಕೂಲದವು.

ಈಗ ಮನಸ್ಸಿನಲ್ಲೇ ಹೇಳುತ್ತಿರುವ ಇದನ್ನು ಭಾನುವಾರ ಹಿರಿಯರು ಕೂರುವ ಮೊದಲು ನಿನ್ನೆದುರು ಹೇಳುತ್ತೇನೆ. ಆಮೇಲೆ ಮಾವನಿಗೆ, ಎಲ್ಲರೆದುರು. ಆ ಮನೆಯಲ್ಲಿ ಅಳಿಯನ ಮಾತು ನಡೆಯುವುದು ಅದೇ ಕೊನೆಯ ಸಲ ಇರಬಹುದು, ನಡೆಯಲಿ. ನಿನ್ನ ಒಪ್ಪಿಗೆ ನಾನು ಸುಳ್ಳು ಹೇಳಿ ಪಡೆದದ್ದು, ಅದನ್ನು ವಾಪಸು ತೆಗೆದುಕೋ. ನಿನ್ನ ಕೈಗುಣ ಸರಿಯಾಗಿಯೇ ಇತ್ತು, ಪ್ರತೀಕ್ಷಾ.